ನಾಮಿನಿಯ ವಿಳಾಸ

ಮೇಲಿನ ಸಾಲಿನ ಎಡಗಡೆಯ ಎರಡನೆಯ ಹಲ್ಲು ಆ ಗುಮಾಸ್ತನ ಸ್ವಂತದ್ದಲ್ಲ, ಪಕ್ಕದವಕ್ಕಿಂತ ಒಂದು ಗುಲಗಂಜಿಯಷ್ಟು ಬಿಳುಪು ಜಾಸ್ತಿ, ಯಾರೋ ಅವಸರದಲ್ಲಿ ಕೂರಿಸಿದ್ದಾರೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿಲ್ಲ – ಇಪ್ಪತ್ತೆಂಟು ವರ್ಷ ಹಲ್ಲಿನ ಸೆಟ್ ಕಟ್ಟುತ್ತ ಬಂದವಳಿಗೆ ಎದುರಿಗಿರುವವರ ಮಾತಿಗಿಂತ ಮೊದಲು ಬಾಯೊಳಗಿನದು ಕಾಣುತ್ತದೆ, ಏನು ಮಾಡುವುದು, ಸಾವಿನ ಮನೆಗೆ ಹೋದರೂ ಈ ಚಾಳಿ ಬಿಡದು, ಈ ವಿಮೆ ಕಚೇರಿಯೂ ಒಂಥರ ಸಾವಿನ ಮನೆಯೇ ತಾನೆ, ಫ್ಯಾನು ತಿರುಗುವ, ಪ್ಲಾಸ್ಟಿಕ್ ಕುರ್ಚಿಗಳ, ಗೋಡೆಯ ಮೇಲೆ ನಗುವ ಸಂಸಾರದ ಚಿತ್ರವಿರುವ ಸಾವಿನ ಮನೆ – ಗುಮಾಸ್ತ ಅಷ್ಟು ಹೊತ್ತಿನಿಂದ ಬಿಡಿಸಿ ಬಿಡಿಸಿ ಹೇಳುತ್ತಲೇ ಇದ್ದ, ನೋಡಿ ಮೇಡಂ, ಉಯಿಲು ಅಂದರೆ ಮನೆ, ಬ್ಯಾಂಕಿನಲ್ಲಿರೋದು, ಗಾಡಿ, ಅಂಥದ್ದು, ಈ ಪಾಲಿಸಿ ಅದರೊಳಗೆ ಬರೋದೇ ಇಲ್ಲ, ನಾಮಿನಿ ಅಂತ ಯಾರ ಹೆಸರು ಬರೆದಿದೆಯೋ ಹಣ ನೆಟ್ಟಗೆ ಅವರಿಗೆ, ಉಯಿಲಿನಲ್ಲಿ ನೂರು ಸಲ ಬೇರೆಯವರ ಹೆಸರು ಬರೆದಿದ್ದರೂ ನಾವು ಆ ಕಡೆ ತಿರುಗಿ ನೋಡೋ ಹಾಗಿಲ್ಲ, ಇದು ಕಂಪನಿಗೂ ತೀರಿಕೊಂಡವರಿಗೂ ಆದ ಮಾತು, ಉಯಿಲಿಗೂ ಇದಕ್ಕೂ ಸಂಬಂಧವೇ ಇಲ್ಲ – ಸಂಬಂಧ ಅಂದವನೇ ನಾಲಿಗೆ ಕಚ್ಚಿಕೊಂಡ, ಯಾಕೆಂದರೆ ಮೇಜಿನ ಈಚೆ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತಿದ್ದವರು ಇಬ್ಬರು ಹೆಂಗಸರು, ಒಬ್ಬಾಕೆ ಸತ್ತವನ ಹೆಂಡತಿ, ಇನ್ನೊಬ್ಬಳು, ಅಂದರೆ ಇವಳು, ಇಪ್ಪತ್ತೆರಡು ವರ್ಷದ ಹಿಂದೆ ಅವನ ಹೆಂಡತಿಯಾಗಿದ್ದವಳು. ನಾಮಿನಿ ಇವಳು.

ಜಗಳವಾದರೂ ಆಗಿದ್ದರೆ ಸಲೀಸಾಗುತ್ತಿತ್ತು, ಅಕ್ಕ ಬೆಳಿಗ್ಗೆ ಫೋನಿನಲ್ಲಿ ಅದನ್ನೇ ಹೇಳಿದ್ದಳು, ಈಗಿನವಳು ಬಾಯಿ ಮಾಡಿದರೆ ನೀನು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಡ, ನೀನೇನು ಬೇಡಿ ಬರೆಸಿಕೊಂಡಿದ್ದಾ – ಆದರೆ ಆಕೆ ಬಾಯಿ ಮಾಡುವ ಪೈಕಿ ಅಲ್ಲ, ಬಂದವಳೇ ತನ್ನ ನೀರಿನ ಬಾಟಲಿಯನ್ನು ಇವಳ ಕಡೆ ಸರಿಸಿದಳು, ಮೊದಲು ಮೇಡಂ ಅಂದಳು, ಅದು ಯಾಕೋ ಅವಳಿಗೇ ಸರಿಬರಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಅಕ್ಕಾ ಅಂದಳು, ಅವರು ಆರು ವರ್ಷದ ಹಿಂದೆ ಉಯಿಲು ಬರೆಸಿದರು ಅಕ್ಕಾ, ಎದೆನೋವು ಮೊದಲನೇ ಸಲ ಬಂತಲ್ಲ ಆವಾಗ, ಮನೆ, ವಿಮೆ, ಇದ್ದಬದ್ದದ್ದೆಲ್ಲ ನನಗೆ ಮಗಳಿಗೆ ಅಂತಲೇ ಬರೆಸಿದಾರೆ, ಆ ಹಳೇ ಪಾಲಿಸಿಯಲ್ಲಿ ನಿಮ್ಮ ಹೆಸರು ಹಾಗೇ ಉಳಿದಿರೋದು ಮರೆತುಬಿಟ್ಟಿದಾರೆ, ಅಷ್ಟೇ. ಎಷ್ಟು ಮೆತ್ತಗೆ ಹೇಳಿದಳು, ನೋಯಿಸಬೇಕೆಂದು ಹೇಳಿದ್ದೇ ಅಲ್ಲ, ಕೆಳಗಿನ ಹಲ್ಲುಗಳು ಸಣ್ಣವು, ಒತ್ತೊತ್ತಾಗಿವೆ, ನಕ್ಕರೆ ಚೆಂದ ಕಾಣುವ ಬಾಯಿ, ಅವನು ಎಷ್ಟು ಸಲ ನಗಿಸಿದ್ದನೋ – ಮರೆತುಬಿಟ್ಟಿದಾರೆ ಅಷ್ಟೇ. ಇವಳು ಆಕೆಯ ಬಾಟಲಿಯ ನೀರನ್ನೇ ಎರಡು ಗುಟುಕು ಕುಡಿದಳು.

ಕಾಗದ ಬಂದದ್ದು ಮೂರು ವಾರದ ಹಿಂದೆ, ಕೆಲಸ ಮುಗಿಸಿ ಬಂದು ಒಂದು ಚಪ್ಪಲಿ ಬಿಚ್ಚಿ ಇನ್ನೊಂದು ಬಿಚ್ಚುವ ಮೊದಲೇ ಲಕೋಟೆ ಹರಿದಿದ್ದಳು, ವಿಮೆಯವರು ಮತ್ತೆ ಹೊಸ ಪಾಲಿಸಿ ಮಾಡಿಸಿ ಅಂತ ಬರೆದಿರಬೇಕು ಅಂದುಕೊಂಡು, ನೋಡಿದರೆ ಅವನ ಪೂರ್ತಿ ಹೆಸರು, ಅದರ ಹಿಂದೆ ದಿವಂಗತ – ಎಷ್ಟು ವರ್ಷವಾಗಿತ್ತು ಆ ಹೆಸರನ್ನು ಅಚ್ಚಿನಲ್ಲಿ ನೋಡಿ, ಮೊದಲು ಖುಷಿಯೇ ಆಯಿತು, ದೇವರಾಣೆ, ಅರೆಗಳಿಗೆ ಖುಷಿಯೇ ಆಯಿತು, ಆಮೇಲೆ ಅದರ ಹಿಂದಿನ ಪದ ಕಣ್ಣಿಗೆ ಬಿತ್ತು. ಅಳು ಬರಲಿಲ್ಲ, ಒಲೆಯ ಮೇಲೆ ಹಾಲಿಟ್ಟಳು, ಉಕ್ಕಿತು, ಒರೆಸಿದಳು, ಒರೆಸುವ ಬಟ್ಟೆ ಹಿಂಡಿ ಹಾಕಿದಳು, ಆಗ ಬಂತು. ಯಾರಿಗೆ ಹೇಳಿಕೊಳ್ಳುವುದು, ಯಾವ ಲೆಕ್ಕದಲ್ಲಿ ಅಳುವುದು, ಬೇರೆಯವರ ಗಂಡನಿಗೆ ಅಳುವ ಹೆಂಗಸು ಅಂತ ಒಂದು ಹೆಸರಿದೆಯಾ, ಅಕ್ಕನಿಗೆ ಫೋನ್ ಮಾಡಿ ಹೇಳಿದರೆ ಅವಳು ಅಂದದ್ದು, ಹೋದನಾ ನಿನ್ನ ಲಿಫ್ಟಪ್ಪ. ಅಕ್ಕ ಅವನಿಗೆ ಮದುವೆಯ ದಿನವೇ ಇಟ್ಟ ಹೆಸರು ಅದು, ಲಿಫ್ಟ್ ರಿಪೇರಿಯವನು ಅಂತ, ಬೈಯುವಾಗಲೂ ಅದೇ, ಮುದ್ದು ಮಾಡುವಾಗಲೂ ಅದೇ, ಅವನು ಕೇಳಿಸಿಕೊಂಡು ತಲೆ ತಗ್ಗಿಸಿ ನಗುತ್ತಿದ್ದ, ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿಕೊಂಡದ್ದು ಕಾಣಬಾರದು ಅಂತ ಅಂಗೈ ಅಡ್ಡ ಹಿಡಿದು, ಸರಿ ಮಾಡಿಸಿಕೊಡ್ತೀನಿ ಬಾ ನಮ್ಮ ಡಾಕ್ಟರ ಹತ್ತಿರ ಅಂದರೆ, ಬೇಡ ಬಿಡು, ಇವೆರಡೂ ಜಾಗ ಸಾಲದಿದ್ದರೂ ಹೊಂದಿಕೊಂಡು ಹೋಗ್ತಿವೆ ಅನ್ನುತ್ತಿದ್ದ. ಹಲ್ಲುಗಳು ಹೊಂದಿಕೊಂಡವು, ಇವರಿಬ್ಬರಿಗೆ ಬರಲಿಲ್ಲ.

ಪಾಲಿಸಿ ಮಾಡಿಸಿದ್ದು ಮದುವೆಯಾದ ಮೊದಲ ತಿಂಗಳು, ಅಡುಗೆಮನೆಯಲ್ಲಿ, ಮನೆಯಲ್ಲಿ ಇದ್ದದ್ದೇ ಎರಡು ಕುರ್ಚಿ, ಏಜೆಂಟ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ತೊಡೆಯ ಮೇಲೆ ಫಾರಂ ಇಟ್ಟುಕೊಂಡಿದ್ದ, ಲಿಫ್ಟಿನ ಕೆಲಸ ಅಂದರೆ ಅಪಾಯದ ಕೆಲಸ ಸಾರ್, ಯಾವಾಗ ಏನೋ, ನಾಮಿನಿ ಯಾರ ಹೆಸರು ಬರೆಯಲಿ, ಗಂಡ ಈರುಳ್ಳಿ ಹೆಚ್ಚುತ್ತಿದ್ದವನು ತಲೆ ಎತ್ತದೆ, ಇನ್ಯಾರದು ಬರೀತೀರಿ, ಇವಳದೇ, ಇವರ ವಯಸ್ಸೆಷ್ಟು ಅಂದ ಏಜೆಂಟ್, ಇವಳು ಇಪ್ಪತ್ತಾರು ಅಂದರೆ ಅವನು ಅಲ್ಲ ಇಪ್ಪತ್ತೈದು ಅಂದ, ನನ್ನ ವಯಸ್ಸು ನನಗೆ ಗೊತ್ತಿಲ್ವಾ, ಒಂದು ವರ್ಷ ಕಮ್ಮಿ ಮಾಡಿದೆ ಖುಷಿಪಡು, ಮೂವರೂ ನಕ್ಕರು, ಈರುಳ್ಳಿಗೆ ಮೂವರ ಕಣ್ಣಲ್ಲೂ ನೀರು – ಈಗ ಅದೇ ಫಾರಮ್ಮು ಈ ಗುಮಾಸ್ತನ ಮೇಜಿನ ಮೇಲಿರುವ ಕಂದು ಫೈಲಿನಲ್ಲಿ ಎಲ್ಲೋ ಇದೆ, ಈರುಳ್ಳಿ ವಾಸನೆ ಹೋಗಿದೆ, ಹೆಸರು ಹೋಗಿಲ್ಲ. ನಾಲ್ಕು ವರ್ಷ ಬದುಕಿದರು ಆ ಮನೆಯಲ್ಲಿ, ಊಟಕ್ಕೆ ಕೂತರೆ ಫೋನು, ಯಾರೋ ಎಲ್ಲೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದಾರೆ, ಕೈ ತೊಳೆದು ಎದ್ದೇಬಿಟ್ಟ, ಇವಳ ಅಮ್ಮನ ಉಸಿರು ನಿಲ್ಲುವ ಮಧ್ಯಾಹ್ನವೂ ಹಾಗೇ, ಆಸ್ಪತ್ರೆಗೆ ಬಾ ಅಂತ ಮೂರು ಸಲ ಹೇಳಿಕಳಿಸಿದಳು, ಅವನು ಯಾವುದೋ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ಓಡಾಡುವ ಬಾವಿಯಲ್ಲಿ ನೇತಾಡುತ್ತಿದ್ದ, ನಿಂತುಹೋದ ಲಿಫ್ಟಿನೊಳಗೆ ಒಬ್ಬ ಬಸುರಿ ಹೆಂಗಸು ಇದ್ದಳಂತೆ, ಬಿಟ್ಟು ಬರೋದು ಹೇಗೆ ಹೇಳು, ಬಂದಾಗ ಎಲ್ಲ ಮುಗಿದಿತ್ತು. ಊರಲ್ಲಿ ಸಿಕ್ಕಿಹಾಕಿಕೊಂಡವರನ್ನೆಲ್ಲ ಬಿಡಿಸ್ತೀಯ, ನಾನೊಬ್ಬಳು ಕಾಣಲ್ಲ ನಿನಗೆ ಅಂದಳು, ಅವನ ಬನಿಯನ್ನಿಗೆ ಗ್ರೀಸು ಮೆತ್ತಿತ್ತು, ಏನೂ ಅನ್ನಲಿಲ್ಲ, ಏನಾದರೂ ಅಂದಿದ್ದರೆ. ಒಂದು ವಾರ ಇದ್ದು ಬರ್ತೀನಿ ಅಂತ ಅಕ್ಕನ ಮನೆಗೆ ಬಂದವಳು, ಅವನು ಬಂದು ಕರೆಯಲಿ ಅಂತ ಇವಳು, ತಾನಾಗಿ ಬರಲಿ ಅಂತ ಅವನು, ವಾರ ತಿಂಗಳಾಯಿತು, ತಿಂಗಳು ವರ್ಷ, ಕೊನೆಗೆ ಕೋರ್ಟಿನ ಕಾರಿಡಾರಿನಲ್ಲಿ ಅವನು ಕೇಳಿದ್ದು ಒಂದೇ ಮಾತು, ನಿನಗೆ ಇದೇ ಬೇಕಾ, ಇವಳು ಅಂದದ್ದೂ ಒಂದೇ, ನಿನಗೆ ಹೇಗೆ ಬೇಕೋ ಹಾಗೆ. ಪೆನ್ನಿನ ಮುಚ್ಚಳ ತೆಗೆದು ಅವನೇ ಇವಳ ಕೈಗೆ ಕೊಟ್ಟ.

ಅದಾದ ಮೇಲೆ ಅವನನ್ನು ಕಣ್ಣಾರೆ ನೋಡಲೇ ಇಲ್ಲ, ನೋಡಿದ್ದು ಅವನ ಸಹಿಯನ್ನು – ಪ್ರತಿ ಲಿಫ್ಟಿನೊಳಗೂ ಗುಂಡಿಗಳ ಮೇಲುಗಡೆ ಒಂದು ಕಾರ್ಡು ಇರುತ್ತದೆ, ತಿಂಗಳು ತಿಂಗಳು ಬಂದು ಪರೀಕ್ಷೆ ಮಾಡಿದವರು ತಾರೀಕು ಹಾಕಿ ಸಹಿ ಮಾಡುತ್ತಾರೆ, ಅದನ್ನು ಓದುವ ಮನುಷ್ಯರು ಜಗತ್ತಿನಲ್ಲಿ ಯಾರೂ ಇಲ್ಲ, ಇವಳನ್ನು ಬಿಟ್ಟು. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ, ಹಾಳಾಗಲಿ, ಯಾವ ಕಚೇರಿಯಾದರೂ ಸರಿ, ಬಾಗಿಲು ಮುಚ್ಚಿದ ಕೂಡಲೇ ಕಣ್ಣು ಅಲ್ಲಿಗೆ, ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಸಲ ಸಿಕ್ಕಿದೆ, ಒಂದು ಸಲ ತಾರೀಕು ಅವತ್ತಿನದೇ, ಶಾಯಿ ಇನ್ನೂ ಹೊಳೆಯುತ್ತಿತ್ತು, ಬೆಳಿಗ್ಗೆ ಇಲ್ಲೇ ನಿಂತಿದ್ದ, ಈ ಎರಡು ಅಡಿ ಜಾಗದಲ್ಲಿ, ಇವಳು ಇಳಿಯದೆ ಮೂರು ಸಲ ಮೇಲೆ ಕೆಳಗೆ ಓಡಾಡಿದಳು, ಹಣ್ಣಿನ ಚೀಲ ಹಿಡಿದ ಮುದುಕರೊಬ್ಬರು ಯಾವ ಮಹಡಿಗಮ್ಮಾ ಹೋಗಬೇಕು ನಿನಗೆ ಅಂತ ಕೇಳಿದ ಮೇಲೆಯೇ ಇಳಿದದ್ದು. ಹುಚ್ಚು, ಐವತ್ತು ದಾಟಿದ ಮೇಲೂ ಬಿಡದ ಹುಚ್ಚು. ಇವತ್ತು ಇಲ್ಲಿಗೆ ಬರುವಾಗಲೂ ನೋಡಿದಳು, ಯಾರದೋ ದುಂಡಗಿನ ಸಹಿ, ಇನ್ನು ಮುಂದೆ ಎಲ್ಲ ಲಿಫ್ಟಿನಲ್ಲೂ ಬೇರೆಯವರದೇ.

ಅಕ್ಕಾ, ವಕೀಲರು ಕೊಟ್ಟದ್ದು ಇದು ಅಂತ ಆಕೆ ಒಂದು ಹಾಳೆ ಮುಂದಿಟ್ಟಳು, ಗುಮಾಸ್ತ ಅದನ್ನು ಇಬ್ಬರಿಗೂ ಆಗುವಂತೆ ನಡುವೆ ಸರಿಸಿದ, ನೀವು ಬೇಡ ಅಂತ ಬರೆದುಕೊಟ್ಟರೆ ಮಾತ್ರ ಮೇಡಂ, ನಾಮಿನಿ ಇಲ್ಲ ಅಂತಾಗಿ ಹಣ ತೀರಿಕೊಂಡವರ ಆಸ್ತಿಗೆ ಸೇರುತ್ತೆ, ಆಸ್ತಿಗೆ ಸೇರಿತು ಅಂದಮೇಲೆ ಉಯಿಲು ಹೇಳಿದ ಹಾಗೆ ಇವರಿಗೆ ಹೋಗುತ್ತೆ, ಆದರೆ ಒಂದು ಸಲ ಸಹಿ ಹಾಕಿದರೆ ಆಮೇಲೆ ಬೇಕು ಅನ್ನೋ ಹಾಗಿಲ್ಲ, ಯೋಚನೆ ಮಾಡಿ, ಯಾರೂ ಬಲವಂತ ಮಾಡ್ತಿಲ್ಲ ತಾನೆ. ಇಲ್ಲ, ಬಲವಂತವಿಲ್ಲ, ಹಣದ ವಿಷಯ ಬಸ್ಸು ಹತ್ತುವ ಮೊದಲೇ ತೀರ್ಮಾನವಾಗಿತ್ತು, ಓದುವ ಮಗಳಿದ್ದಾಳೆ, ಆ ಮಗಳ ಮುಂದಿನ ಹಲ್ಲೂ ಒಂದರ ಮೇಲೊಂದಂತೆ, ಆಕೆಯೇ ಹೇಳಿದಳು, ಕೊಟ್ಟುಬಿಡುವುದು, ಕೈ ತೊಳೆದುಕೊಳ್ಳುವುದು – ಆದರೆ ಹಾಳೆಯಲ್ಲಿ ಬರೆದದ್ದು ಅಷ್ಟೇ ಅಲ್ಲ, ಸದರಿ ಮೃತರು ಕೇವಲ ಮರೆವಿನಿಂದ ನನ್ನ ಹೆಸರನ್ನು ಬದಲಾಯಿಸದೆ ಬಿಟ್ಟಿರುತ್ತಾರೆಂದು ನಾನು ಒಪ್ಪಿರುತ್ತೇನೆ. ಕೇವಲ. ಈ ವಾಕ್ಯ ಬೇಕೇ ಬೇಕಾ ಅಂದಳು, ಗುಮಾಸ್ತ ಹೆಗಲು ಕುಣಿಸಿದ, ನಮಗೇನೂ ಬೇಕಿಲ್ಲ, ಆಕೆ ಮುಖ ತಗ್ಗಿಸಿದಳು, ವಕೀಲರು ಹೇಳಿದ್ದು ಅಂತ ಅಲ್ಲ ಅಕ್ಕಾ, ನಾನೇ ಹಾಕಿ ಅಂದೆ, ಮಗಳು ಕೇಳ್ತಾಳೆ, ಅಪ್ಪ ಯಾಕೆ ಹಾಗೆ ಮಾಡಿದರು ಅಂತ ದಿನಾ ಕೇಳ್ತಾಳೆ, ಅವಳಿಗೆ ತೋರಿಸೋಕೆ ನಂಗೊಂದು ಕಾಗದ ಬೇಕು. ಮಗಳಿಗೆ ಅಂದಳು, ತನಗೆ ಅನ್ನಲಿಲ್ಲ. ಇವಳಿಗೆ ಅರ್ಥವಾಗುವುದಿಲ್ಲವೇ, ಒಂದೇ ಪ್ರಶ್ನೆ ಇಬ್ಬರ ಹೊಟ್ಟೆಯಲ್ಲೂ ಕೂತಿದೆ, ಮರೆತನೋ, ಬೇಕೆಂದೇ ಬಿಟ್ಟನೋ, ಆಕೆಗೆ ಒಂದು ಉತ್ತರ ಬೇಕು, ಇವಳಿಗೆ ಇನ್ನೊಂದು, ಉತ್ತರ ಹೇಳಬೇಕಾದವನು ಹೋಗಿಯಾಗಿದೆ. ಮರೆಯುವುದರಲ್ಲೂ ಅವನೇನು ಕಮ್ಮಿ ಇರಲಿಲ್ಲ, ಛತ್ರಿ ಮರೆಯುತ್ತಿದ್ದ, ಊಟದ ಡಬ್ಬಿ ಮರೆಯುತ್ತಿದ್ದ, ಇವಳ ವಯಸ್ಸನ್ನೇ ಮರೆತವನು, ಹಾಗಿದ್ದರೆ ಇದೂ ಅದೇ ಸಾಲಿಗೆ ಸೇರಿದ್ದೇ, ಛತ್ರಿ, ಡಬ್ಬಿ, ಇವಳು. ಸಹಿ ಹಾಕುವ ಮೊದಲು ಆ ಹಳೇ ಫಾರಂ ಒಂದು ಸಲ ನೋಡಬಹುದಾ ಅಂತ ಬಾಯಿಂದ ಹೇಗೆ ಬಂತೋ, ನೀವೇ ನಾಮಿನಿ, ನೋಡೋಕೇನು ಅಂತ ಗುಮಾಸ್ತ ಫೈಲನ್ನು ಇವಳ ಕಡೆ ತಿರುಗಿಸಿದ.

ಏಜೆಂಟನ ಗೀಚು ಬರಹ, ವಯಸ್ಸು ಇಪ್ಪತ್ತೈದು, ಸಂಬಂಧ ಹೆಂಡತಿ, ಅವರಿದ್ದ ಆ ಎರಡು ಕುರ್ಚಿಯ ಮನೆಯ ವಿಳಾಸ – ಇಷ್ಟೇ ಇರುತ್ತದೆ ಅಂದುಕೊಂಡು ಮಗುಚಿದರೆ ಹಿಂದೆ ಇನ್ನೂ ಮೂರು ಅರ್ಧ ಹಾಳೆಗಳು, ಪಿನ್ನು ತುಕ್ಕು ಹಿಡಿದಿದೆ, ವಿವರಗಳ ಬದಲಾವಣೆ ಅಂತ ಅಚ್ಚು ಹಾಕಿದ ಚೀಟಿಗಳು, ಬದಲಾಗಬೇಕಾದ ವಿವರ ಯಾವುದು ಅನ್ನುವ ಕಡೆ ನಾಮಿನಿಯ ವಿಳಾಸ, ಮೂರರಲ್ಲೂ ಅದೇ, ನಾಮಿನಿಯ ವಿಳಾಸ, ಹೆಸರಿನ ಮುಂದೆ ಇವಳದೇ ಹೆಸರು, ಸಂಬಂಧದ ಜಾಗದಲ್ಲಿ ಬರೀ ಒಂದು ಅಡ್ಡಗೆರೆ, ಮತ್ತೆ ಆ ಕೈಬರಹ, ಒತ್ತಿ ಒತ್ತಿ ಬರೆಯುವ ಅವನ ಕೈಬರಹ, ಹಾಳೆಯ ಹಿಂದೆ ಬೆರಳಾಡಿಸಿದರೆ ಅಕ್ಷರ ಉಬ್ಬಿರುವುದು ತಿಳಿಯುತ್ತದೆ, ಬೆರಳಾಡಿಸಿದಳು, ತಿಳಿಯಿತು. ಮೊದಲನೆಯದು ಇಪ್ಪತ್ತೊಂದು ವರ್ಷದ ಹಿಂದಿನದು, ಅಕ್ಕನ ಮನೆ, ನೆಲಮಹಡಿ. ಎರಡನೆಯದು ಒಂಬತ್ತು ವರ್ಷದ ಹಿಂದಿನದು, ಹಲ್ಲಿನ ಲ್ಯಾಬಿನ ಹಿಂದಿನ ಕೋಣೆ, ಎರಡು ಮೆಟ್ಟಿಲು – ಹೌದು ಎರಡೇ ಮೆಟ್ಟಿಲಿದ್ದವು. ಮೂರನೆಯದರಲ್ಲಿ ತಾರೀಕು ನೋಡಿದಳು, ಮತ್ತೆ ನೋಡಿದಳು, ನಾಲ್ಕು ವರ್ಷದ ಹಿಂದಿನದು, ಉಯಿಲು ಬರೆಸಿ ಎರಡು ವರ್ಷ ಕಳೆದ ಮೇಲಿನದು, ಈಗಿರುವ ಮನೆಯ ನಂಬರು, ರಸ್ತೆ, ಅದರ ಕೆಳಗೆ ಯಾರೂ ಕೇಳದ ಒಂದು ಸಾಲು, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅವನು ಯಾವ ವಿಳಾಸ ಬರೆದರೂ ಹಾಗೇ, ಕೆಲಸದ ಅಭ್ಯಾಸ, ಮದುವೆ ಕಾಗದದ ಲಕೋಟೆಗಳ ಮೇಲೂ ಎಷ್ಟು ಮಹಡಿ, ಲಿಫ್ಟ್ ಉಂಟೋ ಇಲ್ಲವೋ ಬರೆದು ಅಕ್ಕನ ಕೈಲಿ ಬೈಸಿಕೊಂಡಿದ್ದ. ಕಾಗದ ನೆಟ್ಟಗೆ ಈ ಮನೆಗೇ ಬಂದು ಬಿತ್ತಲ್ಲ, ಯಾರು ಕೊಟ್ಟರು ವಿಳಾಸ ಅಂತ ಮೂರು ವಾರದಲ್ಲಿ ಒಂದು ಸಲವೂ ಯೋಚಿಸಲಿಲ್ಲವಲ್ಲ, ಎಂಥ ಪೆದ್ದು. ಮನೆಗೆ ಬಂದವರು ಅಂತ ನಾಲ್ಕು ವರ್ಷದಲ್ಲಿ ನಾಲ್ಕು ಜನವಿಲ್ಲ, ರಸ್ತೆಯಿಂದ ನೋಡಿದರೆ ಲಿಫ್ಟ್ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ, ಗೇಟು ದಾಟಬೇಕು, ಸೈಕಲ್ಲುಗಳ ಪಕ್ಕದಿಂದ ನುಸುಳಬೇಕು, ಟಪಾಲು ಡಬ್ಬಿಗಳ ಮುಂದೆ ಹೆಸರು ಹುಡುಕಬೇಕು, ಮೆಟ್ಟಿಲ ಬುಡದವರೆಗೆ ಒಳಗೆ ಬರಬೇಕು.

ಏನಿದೆ ಅಕ್ಕಾ ಅದರಲ್ಲಿ ಅಂತ ಆಕೆ ಬಗ್ಗಿದಳು, ಇವಳ ಅಂಗೈ ತಾನಾಗಿ ಆ ಸಾಲಿನ ಮೇಲೆ ಹೋಗಿ ಕೂತಿತು, ಬಿಸಿಯಾಗಿತ್ತು ಕೈ, ಹೇಳಿಬಿಡಲೇ, ನೋಡು, ನಿನ್ನ ಗಂಡ ಮರೆತಿರಲಿಲ್ಲ, ಮೂರು ಸಲ ಬರೆದಿದ್ದಾನೆ ಅಂತ, ಒಂದು ಸಲವಾದರೂ ಒಬ್ಬರ ಮುಂದಾದರೂ ಗೆದ್ದೆ ಅಂತ, ಇಪ್ಪತ್ತೆರಡು ವರ್ಷ ನಾನೊಬ್ಬಳೇ ಕಾರ್ಡು ಓದುತ್ತ ಹುಡುಕಿದ್ದಲ್ಲ, ಅವನೂ ಹುಡುಕಿದ್ದ ಅಂತ – ಆಕೆಯ ಕಣ್ಣ ಕೆಳಗೆ ಕಪ್ಪು ಕಟ್ಟಿದೆ, ಸೀರೆಗೆ ಹಾಕಿದ ಪಿನ್ನು ಓರೆಯಾಗಿದೆ, ಹದಿನೆಂಟು ವರ್ಷ ಅವನ ಗ್ರೀಸಿನ ಬನಿಯನ್ನು ಒಗೆದ ಕೈ, ಎದೆನೋವು ಬಂದಾಗ ಆಸ್ಪತ್ರೆಗೆ ಹೊತ್ತುಕೊಂಡು ಓಡಿದ ಕೈ, ಮೇಜಿನ ಅಂಚು ಹಿಡಿದುಕೊಂಡಿದೆ. ಏನಿಲ್ಲ, ಹಳೇ ವಿಳಾಸ ಅಂದಳು, ಫೈಲು ಮುಚ್ಚಿದಳು, ಮರೆತಿದಾರೆ ಅಷ್ಟೇ ಕಣಮ್ಮ, ನನ್ನ ವಯಸ್ಸನ್ನೂ ಆವಾಗಲೇ ತಪ್ಪು ಬರೆಸಿದ್ದರು, ಅವರು ಇದ್ದದ್ದೇ ಹಾಗೆ. ಆಕೆ ಉಸಿರು ಬಿಟ್ಟದ್ದು ಕೇಳಿಸಿತು, ಗುಮಾಸ್ತ ಪೆನ್ನು ಕೊಟ್ಟ, ಇವಳು ಮುಚ್ಚಳ ತೆಗೆದು ಕೇವಲ ಮರೆವಿನಿಂದ ಅನ್ನುವುದರ ಕೆಳಗೆ ಸಹಿ ಹಾಕಿದಳು, ಗುಮಾಸ್ತ ಮುದ್ರೆ ಒತ್ತಿದ, ಆಕೆ ಇವಳ ಎರಡೂ ಕೈ ಹಿಡಿದು ಏನೋ ಹೇಳುತ್ತಿದ್ದಾಳೆ, ಮಗಳನ್ನು ಕರೆದುಕೊಂಡು ಒಂದು ದಿನ ಬರ್ತೀನಿ ಅಕ್ಕಾ, ಬಾ ಅನ್ನುತ್ತಿದ್ದಾಳೆ ಇವಳು, ಬಾಯಿ ತನ್ನ ಪಾಡಿಗೆ ಬಾ ಅನ್ನುತ್ತಿದೆ – ಯಾವ ದಿನವಿರಬೇಕು, ನಾಲ್ಕು ವರ್ಷದ ಹಿಂದಿನ ಆ ತಾರೀಕಿನ ಆಸುಪಾಸು, ಮನೆ ಬದಲಾಯಿಸಿದ ಹೊಸತು, ಮಂಡಿನೋವಿಗೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ ಯಾವುದೋ ಸಂಜೆ, ರೇಡಿಯೋ ಹಾಕಿರಬೇಕು, ಕೆಳಗಿನ ಸದ್ದು ಕೇಳದ ಹಾಗೆ ಹಾಕಿರಬೇಕು, ಅವನು ಟಪಾಲು ಡಬ್ಬಿಯ ಮೇಲೆ ಹೆಸರು ಓದಿ, ಮೆಟ್ಟಿಲ ಬುಡಕ್ಕೆ ಬಂದು, ಕಂಬಿಯ ಮೇಲೆ ಕೈಯಿಟ್ಟು, ಒಂದು ಹೆಜ್ಜೆ ಮೇಲಿಟ್ಟನೋ ಇಲ್ಲವೋ, ಬಂದವನು ಬಾಗಿಲು ತಟ್ಟಬಾರದಿತ್ತೇ, ಬಾಗಿಲು ತೆಗೆಯುತ್ತಿದ್ದಳು, ಬೈಯುತ್ತಿದ್ದಳು, ಒಳಗೆ ಕರೆಯುತ್ತಿದ್ದಳು, ಮಹಡಿಗಳ ನಡುವಿನ ಕಿಂಡಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ನೋಡುತ್ತಿದ್ದಾನೆ, ಒಂದು, ಎರಡು, ಮೂರು, ಎದೆನೋವಿನ ಮನುಷ್ಯ, ಜೇಬಿನಿಂದ ಚೀಟಿ ತೆಗೆದು ಗೋಡೆಗೆ ಒತ್ತಿ ಹಿಡಿದು ಬರೆದುಕೊಳ್ಳುತ್ತಿದ್ದಾನೆ, ಮೂರನೇ ಮಹಡಿ, ತಲೆ ಎತ್ತಿ ಮತ್ತೆ ನೋಡುತ್ತಿದ್ದಾನೆ, ಲಿಫ್ಟ್ ಇಲ್ಲ, ಮೂರನೇ ಮಹಡಿ, ಕಂಬಿಯ ಮೇಲೆ ಕೈ, ತಲೆ ಎತ್ತಿ, ಲಿಫ್ಟ್ ಇಲ್ಲ,